ಸೌದೆ ಕೊಯ್ಯೋಕೆ ಎಂಥಾ ಚೈನ್ ಸಾ, ಎಷ್ಟು ಇಂಚಿನ ಬಾರ್?

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ನಾಲ್ಕು ಎಕರೆ ಅಡಿಕೆ ತೋಟ. ಬಚ್ಚಲೊಲೆಗೆ, ಅಡಿಕೆ ಬೇಯ್ಸೋಕೆ ವರ್ಷಕ್ಕೆ ಬೇಕಾಗೋ ಸೌದೆ ಇನ್ಮೇಲೆ ನಾವೇ ಕೊಯ್ಕೊಳ್ಳೋಣ ಅಂತ ಇದೀವಿ. ಜಾಸ್ತಿ ಅಕೇಶಿಯಾ, ಒಣಗಿದ ಅಡಿಕೆ ಮರ, ಬೇಲಿ ಸಾಲಿನ ಕೊಂಬೆ, ಜೊತೆಗೆ ಗಾಳಿಗೆ ಬಿದ್ದಿರೋ ಒಂದು ದೊಡ್ಡ ಮಾವಿನ ಮರ, ಬುಡ ಎರಡಡಿ ಮೇಲೆ ಇದೆ. ಆನ್‌ಲೈನಲ್ಲಿ 58 ಸಿಸಿ, 22 ಇಂಚಿಂದು ಏಳು ಸಾವಿರಕ್ಕೆ ಸಿಗ್ತಿದೆ. ಪೇಟೆ ಅಂಗಡಿಯವ್ರು 45 ಸಿಸಿಗೆ 16 ಇಂಚು ಹಾಕ್ಸಿ ತಗೊಳ್ಳಿ ಅಂತಾರೆ, ಅದರ ರೇಟು ನಾಲ್ಕು ಪಟ್ಟು. ಭಾವ ತಮ್ಮ ಹಳೇ 72 ಸಿಸಿ ಮಿಷನ್ ಕಡಿಮೆಗೆ ಕೊಡ್ತೀನಿ ಅಂತಿದಾರೆ. ಅಪ್ಪಂಗೆ 66 ವರ್ಷ, ಅವ್ರೂ ಹಿಡೀತಾರೆ. ಯಾವ್ದು ಸರಿ?

ಉತ್ತರ: ಅಂಗಡಿಯವ್ರು ಹೇಳಿದ್ದೇ ಸರಿ. 40ರಿಂದ 45 ಸಿಸಿ, 16 ಇಂಚಿನ ಬಾರ್ (ಚೈನ್ ಸುತ್ತು ಹಾಕೋ ಉದ್ದ ಪಟ್ಟಿ). ಅವಸರ ಇದ್ರೆ ಇಷ್ಟು ಓದಿ ಹೊರಟ್ರೂ ನಡಿಯತ್ತೆ, ಆದ್ರೆ ನಾಲ್ಕು ಪಟ್ಟು ದುಡ್ಡು ಯಾಕೆ ಕೊಡ್ಬೇಕು, ಆರಿಂಚು ಜಾಸ್ತಿ ಉದ್ದದ ಬಾರ್ ಫ್ರೀಯಾಗಿ ಸಿಗ್ತಿರೋವಾಗ ಯಾಕೆ ಬಿಡ್ಬೇಕು ಅನ್ನೋದು ಗೊತ್ತಾಗ್ಬೇಕು ಅಂದ್ರೆ ಮುಂದಕ್ಕೆ ಓದಿ.

ಎಲ್ರೂ ಮರ ನೋಡಿ ಬಾರ್ ಆರಿಸ್ತಾರೆ, ಅದ್ರಲ್ಲೂ ಇರೋದ್ರಲ್ಲಿ ಅತೀ ದೊಡ್ಡ ಮರ ನೋಡಿ. ನಿಮ್ಮ ತಲೇಲಿ ಈಗ ಕೂತಿರೋದು ಆ ಮಾವಿನ ಬುಡ. ಆದ್ರೆ ಅದು ಒಂದು ಮರ, ಎರಡು ದಿನದ ಕೆಲ್ಸ. ಮಿಕ್ಕ ವರ್ಷವೆಲ್ಲ ನೀವು ಕೊಯ್ಯೋದು ಆರರಿಂದ ಹನ್ನೆರಡು ಇಂಚು ದಪ್ಪದ ಅಕೇಶಿಯಾ, ಅದಕ್ಕಿಂತ ಸಣ್ಣ ಅಡಿಕೆ ಮರ, ತೊಡೆ ದಪ್ಪದ ಕೊಂಬೆ. ಬಾರ್ ಆರಿಸ್ಬೇಕಾಗಿರೋದು ಈ ದಿನಾ ಕೊಯ್ಯೋ ಸೌದೆ ನೋಡಿ ಮತ್ತೆ ಆ ಬಾರನ್ನ ಎಳೆಯೋ ಇಂಜಿನ್ ನೋಡಿ. ದಿನದ ಸೌದೆ ಎಷ್ಟು ದಪ್ಪ ಇದ್ಯೋ ಅದಕ್ಕಿಂತ ಎರಡು ಮೂರಿಂಚು ಜಾಸ್ತಿ ಇದ್ರೆ ಸಾಕು. ಹನ್ನೆರಡಿಂಚಿನ ಮರಕ್ಕೆ 16 ಇಂಚಿನ ಬಾರ್ ಧಾರಾಳ ಆಯ್ತು.

ಉದ್ದ ಇದ್ರೆ ನಷ್ಟ ಏನು ಅಂತ ಕೇಳ್ಬೋದು. ರಾಶಿ ಹಾಕಿರೋ ಅಕೇಶಿಯಾ ಕೊಯ್ತಾ ಇದೀರಿ ಅಂದ್ಕೊಳ್ಳಿ, ಕುಂಟೆ (ಮರದ ತುಂಡು) ಎಂಟಿಂಚು ದಪ್ಪ, ಬಾರ್ 22 ಇಂಚು, ಅಂದ್ರೆ ಬಾರಿನ ಒಂದಡಿಗಿಂತ ಜಾಸ್ತಿ ಆ ಕಡೆ ಹೊರಗೆ ಚಾಚಿಕೊಂಡಿರತ್ತೆ, ನಿಮ್ಮ ಕಣ್ಣು ಇರೋದು ಈ ಕಡೆ ಕೊಯ್ತಿರೋ ಜಾಗದ ಮೇಲೆ, ಆ ಕಡೆ ತುದಿ ಹಿಂದಿನ ಕುಂಟೆಗೋ ನೆಲದ ಕಲ್ಲಿಗೋ ತಾಗಿದ್ದು ನಿಮಗೆ ಗೊತ್ತಾಗೋದು ಮಿಷನ್ ಮುಖಕ್ಕೆ ಎಗರಿದ ಮೇಲೆ. ಬಾರಿನ ತುದಿ ಇದ್ಯಲ್ಲ, ಅದರ ಮೇಲ್ಭಾಗದ ಕಾಲು ವೃತ್ತ, ಅಲ್ಲಿ ಹಲ್ಲು ಮರಕ್ಕೆ ಕಚ್ಚಿಕೊಂಡ್ರೆ ಚೈನಿನ ಓಟ ಇಡೀ ಬಾರನ್ನ ಮೇಲಕ್ಕೆ ಹಿಂದಕ್ಕೆ ನಿಮ್ಮ ಕಡೆಗೇ ಎಸೆಯತ್ತೆ. ಕಿಕ್‌ಬ್ಯಾಕ್ ಅನ್ನೋದು ಇದನ್ನೇ. ಚೈನ್ ಓಡೋದು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ, ಕೈ ಗಟ್ಟಿ ಇದೆ ತಡೀತೀನಿ ಅನ್ನೋದೆಲ್ಲ ಆಗೋ ಮಾತಲ್ಲ. ಚೈನ್ ಬ್ರೇಕ್ ಇರೋದೇ ಇದಕ್ಕೆ. ಸೌದೆ ರಾಶಿ ಮುಂದೆ ಉದ್ದ ಬಾರ್ ಹಿಡಿಯೋದು ಅಂದ್ರೆ ಕಾಣದೇ ಇರೋ ತುದೀನ ಇಡೀ ದಿನ ತಿರುಗಿಸ್ತಾ ಇರೋದು, ಅಷ್ಟೇ.

ಎರಡ್ನೇದು ಎಳೆತ. .325 ಪಿಚ್ಚಿನ (ಪಿಚ್ಚು ಅಂದ್ರೆ ಚೈನಿನ ಕೊಂಡಿಗಳ ನಡುವಿನ ಅಂತರದ ಅಳತೆ, ಇಂಚಲ್ಲಿ) 16 ಇಂಚಿನ ಚೈನಲ್ಲಿ ಕೊಯ್ಯೋ ಹಲ್ಲು ಸುಮಾರು 32 ಇರತ್ತೆ, 22 ಇಂಚಿಂದ್ರಲ್ಲಿ 43. ಅಷ್ಟೂ ಹಲ್ಲಿನ ಚೈನನ್ನ ಅದೇ ಇಂಜಿನ್ ಎಳೀಬೇಕು, ಅಷ್ಟುದ್ದಕ್ಕೂ ಅದೇ ಪುಟ್ಟ ಪಂಪು ಆಯಿಲ್ ಮುಟ್ಟಿಸ್ಬೇಕು, ಅಷ್ಟಕ್ಕೂ ನೀವು ಕೂತು ಅರ ಹಾಕ್ಬೇಕು. ಕಡಿಮೆ ರೇಟಿನ ಮಿಷನ್‌ಗಳಲ್ಲಿ ಮೊದ್ಲು ಹಾಳಾಗೋದು ಬಾರಿನ ತುದಿ, ಆಯಿಲ್ ಅಲ್ಲಿವರೆಗೆ ಹೋಗೋದೇ ಇಲ್ಲ, ಬಿಸಿಯಾಗಿ ನೀಲಿ ತಿರುಗತ್ತೆ, ಆಮೇಲೆ ತುದಿಯಲ್ಲಿರೋ ಸಣ್ಣ ಚಕ್ರ ಹಿಡ್ಕೊಳ್ಳತ್ತೆ.

ಇನ್ನು ಆ 58 ಸಿಸಿ ವಿಷ್ಯ. ಸ್ಟಿಕ್ಕರ್ ಮೇಲಿರೋ ಸಿಸಿ ನಂಬ್ಬೇಡಿ, ಲೆಕ್ಕ ಹಾಕಿ. ಮ್ಯಾನ್ಯುಯಲಲ್ಲಿ ಬೋರ್ (ಸಿಲಿಂಡರಿನ ಒಳ ಅಗಲ) ಮತ್ತೆ ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಮಿಮೀ ಲೆಕ್ಕದಲ್ಲಿ ಕೊಟ್ಟಿರ್ತಾರೆ. ಬೋರನ್ನ ಬೋರಿಂದಲೇ ಗುಣಿಸಿ, ಅದನ್ನ 0.785ರಿಂದ, ಆಮೇಲೆ ಸ್ಟ್ರೋಕಿಂದ ಗುಣಿಸಿ, ಬಂದಿದ್ದನ್ನ ಸಾವಿರದಿಂದ ಭಾಗಿಸಿದ್ರೆ ನಿಜವಾದ ಸಿಸಿ. ಸ್ಟಿಲ್ ಕಂಪ್ನಿಯ ಎಂಎಸ್ 250 ಉದಾಹರಣೆಗೆ ತಗೊಳ್ಳಿ, ಬೋರ್ 42.5 ಮಿಮೀ, ಸ್ಟ್ರೋಕ್ 32 ಮಿಮೀ, ಲೆಕ್ಕ ಹಾಕಿದ್ರೆ 45.4, ಅವ್ರು ಬರ್ದಿರೋದೂ ಅದೇ. 58 ಅಂತ ಮಾರೋ ಮಿಷನ್‌ಗಳಿಗೆ ಇದೇ ಲೆಕ್ಕ ಹಾಕಿ ನೋಡಿ, ಸುಮಾರು ಮಿಷನ್‌ಗಳಲ್ಲಿ ಆ 58 ಬರೋದೇ ಇಲ್ಲ. ಬೋರ್ ಸ್ಟ್ರೋಕ್ ಬರ್ದೇ ಇಲ್ಲ ಅಂದ್ರೆ ಇನ್ನೂ ಸುಲಭ, ತಗೋಬೇಡಿ.

ಹಾಗಂತ ಆ ಮಿಷನ್‌ಗಳು ಕೆಲ್ಸಕ್ಕೇ ಬರಲ್ಲ ಅಂತ ನಾನು ಹೇಳಲ್ಲ, ಬಿಡಿಭಾಗ ಎಲ್ಲಾ ಕಡೆ ಕಮ್ಮಿಗೆ ಸಿಗತ್ತೆ, ಸ್ವಲ್ಪ ಸ್ಪ್ಯಾನರ್ ಹಿಡಿದು ಗೊತ್ತಿರೋರು ವರ್ಷಗಟ್ಲೆ ಓಡಿಸ್ತಾರೆ. ಆದ್ರೆ ನಿಮ್ಮ ಮನೇಲಿ 66 ವರ್ಷದವ್ರೂ ಹಿಡಿಯೋರು. ಪೆಟ್ರೋಲು, ಆಯಿಲು, ಬಾರು ಎಲ್ಲಾ ಸೇರಿ ಅದು ಏಳು ಕಿಲೋ ಆಸುಪಾಸು ಇರತ್ತೆ, ಉದ್ದ ಬಾರ್ ಇರೋದ್ರಿಂದ ಭಾರವೆಲ್ಲ ಮುಂದಕ್ಕೆ ಜಗ್ಗತ್ತೆ, ವೈಬ್ರೇಶನ್ ಬೇರೆ. ಅರ್ಧ ಗಂಟೆ ಆದ್ಮೇಲೆ ಮುಂಗೈ ಜೋಮು ಹಿಡ್ಯತ್ತೆ, ಸುಸ್ತಾದ ಕೈಯಲ್ಲೇ ಏಟಾಗೋದು ಜಾಸ್ತಿ.

ಮಾದರಿಗಳ ಬಗ್ಗೆ ಒಂದು ಅಂದಾಜು ಕೊಡ್ತೀನಿ, ಇದನ್ನೇ ತಗೊಳ್ಳಿ ಅಂತಲ್ಲ, ಹೋಲಿಸೋಕೆ. ಸ್ಟಿಲ್‌ನ ಎಂಎಸ್ 180 ಸುಮಾರು 32 ಸಿಸಿ, ಎರಡು ಎಚ್‌ಪಿ ಹತ್ರ, ಬಾರ್ ಚೈನ್ ಬಿಟ್ಟು ನಾಲ್ಕು ಕಿಲೋ. ಬರೀ ಕೊಂಬೆ, ಅಡಿಕೆ ಮರ, ಕಾಫಿ ಗಿಡದ ಬೊಡ್ಡೆ ಅಷ್ಟೇ ಅಂದಿದ್ರೆ ಇದಕ್ಕೆ 14 ಇಂಚು ಹಾಕ್ಸಿ ಅಂತಿದ್ದೆ. ಎಂಎಸ್ 250 ಅಂದ್ರೆ 45 ಸಿಸಿ, 2.3 ಕಿಲೋವ್ಯಾಟ್, ಹೆಚ್ಚುಕಮ್ಮಿ ಮೂರು ಎಚ್‌ಪಿ, ನಾಲ್ಕೂವರೆ ಕಿಲೋ ಚಿಲ್ರೆ. ಹಸ್ಕ್ವರ್ನಾದಲ್ಲಿ 445 ಇದೇ ಅಳತೇದು. ಅಕೇಶಿಯಾ ಗಟ್ಟಿ ಮರ, ಅದೂ ಕಡಿದು ಒಣಗಿದ್ಮೇಲೆ ಇನ್ನೂ ಗಟ್ಟಿ, ಅದಕ್ಕೇ ನಿಮಗೆ ಈ 45ರ ಮಟ್ಟ ಹೇಳ್ತಿರೋದು. 18 ಇಂಚೂ ಇದಕ್ಕೆ ಕೂರತ್ತೆ, ಕಂಪ್ನಿಯೇ ಕೊಡತ್ತೆ, ಆದ್ರೆ ಗಟ್ಟಿ ಮರಕ್ಕೆ ಪೂರ್ತಿ ಬಾರ್ ಮುಳುಗಿಸಿದ್ರೆ ಇಂಜಿನ್ ಏದುಸಿರು ಬಿಡತ್ತೆ, 16ರಲ್ಲಿ ಅದೇ ಮಿಷನ್ ಹಗುರಾಗಿ ಎಳ್ಕೊಂಡು ಹೋಗತ್ತೆ. ಸರ್ವಿಸ್ ಸೆಂಟರ್ ಶಿವಮೊಗ್ಗದಲ್ಲಿದ್ಯೋ ನಿಮ್ಮೂರಲ್ಲೇ ಇದ್ಯೋ ಅನ್ನೋದ್ರ ಮೇಲೆ ಬ್ರಾಂಡ್ ಆರಿಸಿ, ಬಣ್ಣ ನೋಡಿ ಅಲ್ಲ. ಹಾಗೇ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷ ಸಬ್ಸಿಡಿ ಪಟ್ಟೀಲಿ ಚೈನ್ ಸಾ ಇದ್ಯಾ ಅಂತ ಒಂದು ಮಾತು ಕೇಳಿ, ಕೇಳೋಕೆ ಖರ್ಚಿಲ್ಲ.

ಮಾವಿನ ಬುಡಕ್ಕೆ ಬರೋಣ. 16 ಇಂಚಿನ ಬಾರಲ್ಲಿ ಎರಡಡಿ ಮರ ಕೊಯ್ಯೋಕಾಗಲ್ಲ ಅಂತ ಯಾರು ಹೇಳಿದ್ದು. ಈ ಕಡೆಯಿಂದ ಒಂದು ಕೊಯ್ತ, ಸುತ್ತು ಹಾಕಿ ಆ ಕಡೆ ನಿಂತು ಅದೇ ಗೆರೆಗೆ ಇನ್ನೊಂದು. 28, 30 ಇಂಚಿನವರೆಗೂ ನಡಿಯತ್ತೆ. ತೊಗಟೆ ಮೇಲೆ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳ್ಕೊಂಡ್ರೆ ಎರಡೂ ಕೊಯ್ತ ಸೇರತ್ತೆ. ಆದ್ರೆ ಗಾಳಿಗೆ ಬಿದ್ದ ಮರ ಅಂದ್ರಲ್ಲ, ಬೇರು ಕಿತ್ತುಕೊಂಡು ಬಿದ್ದಿದ್ರೆ ಬುಡದ ಹತ್ರ ಮೊದ್ಲಿಗೆ ಕೈ ಹಾಕ್ಲೇಬೇಡಿ. ಕಾಂಡ ಕೊಯ್ದ ತಕ್ಷಣ ಬೇರಿನ ಆ ದೊಡ್ಡ ಮಣ್ಣುಗೋಡೆ ತಟ್ ಅಂತ ವಾಪಸ್ ಗುಂಡಿಗೆ ಕೂರತ್ತೆ, ಹಿಂದೆ ಯಾರಾದ್ರೂ ನಿಂತಿದ್ರೆ ಮುಗೀತು. ಇದೊಂದು ಮರಕ್ಕೆ ಮಿಷನ್ ಹಿಡ್ಕೊಂಡು ಬಂದು ಕೊಯ್ದು ಕೊಡೋರನ್ನ ಒಂದು ದಿನಕ್ಕೆ ಕರೀರಿ, ನಿಮ್ಮ ಕಡೆ ಸಿಕ್ಕೇ ಸಿಗ್ತಾರೆ, ಅವ್ರು ದೊಡ್ಡ ದಿಮ್ಮಿ ಮಾಡಿ ಕೊಟ್ಟು ಹೋಗ್ಲಿ, ಕೊಂಬೆ ರೆಂಬೆ ಎಲ್ಲ ನೀವು ಮಾಡ್ಕೊಳ್ಳಿ. ಒಂದು ದಿನದ ಕೂಲಿ ಉಳಿಸೋಕೆ ಹತ್ತು ವರ್ಷ ದೊಡ್ಡ ಮಿಷನ್ ಹೊರೋದು ಯಾವ ಲೆಕ್ಕ.

ಕೊಯ್ಯೋ ಕ್ರಮ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ, ಬಾರ್ ಸಿಕ್ಕಿಕೊಳ್ಳೋ ಕಾಟಕ್ಕೇ ಎಷ್ಟೋ ಜನ ಉದ್ದ ಬಾರ್ ಬೇಕಿತ್ತು ಅಂದ್ಕೊಳ್ತಾರೆ. ಕುಂಟೆಯ ಎರಡೂ ತುದಿಗೆ ಆಸರೆ ಇದ್ದು ಮಧ್ಯ ಟೊಳ್ಳಾಗಿದ್ರೆ ಮೇಲ್ಭಾಗ ಒತ್ತಿಕೊಂಡಿರತ್ತೆ, ಮೇಲಿಂದ ಮೂರನೇ ಒಂದು ಭಾಗ ಕೊಯ್ದು ಆಮೇಲೆ ಕೆಳಗಿಂದ ಮೇಲಕ್ಕೆ ಬನ್ನಿ. ಒಂದು ತುದಿ ಗಾಳೀಲಿ ಚಾಚಿದ್ರೆ ಉಲ್ಟಾ, ಮೊದ್ಲು ಕೆಳಗಿಂದ ಸ್ವಲ್ಪ, ಆಮೇಲೆ ಮೇಲಿಂದ. ಕೆಳಗಿಂದ ಕೊಯ್ಯೋವಾಗ ಮಿಷನ್ ನಿಮ್ಮ ಕಡೆಗೆ ತಳ್ಳತ್ತೆ, ಅದು ನೆನಪಿರ್ಲಿ. ನೆಲಕ್ಕೆ ಮಲಗಿರೋ ಉದ್ದ ಕಾಂಡಕ್ಕೆ ಎಲ್ಲಾ ತುಂಡಿನ ಜಾಗದಲ್ಲೂ ಮುಕ್ಕಾಲು ಕೊಯ್ದು ಬಿಟ್ಟು, ಹಾರೆ ಹಾಕಿ ಉರುಳಿಸಿ, ಉಳಿದಿದ್ದನ್ನ ಮುಗಿಸಿ. ಹಲ್ಲು ಮಣ್ಣಿಗೆ ಒಂದೇ ಒಂದ್ಸಲ ತಾಗಿದ್ರೂ ಸಾಕು, ಹತ್ತು ನಿಮಿಷದ ಅರ ಕೆಲ್ಸ ಬಂತು ಅಂತಲೇ ಅರ್ಥ.

ಇನ್ನೊಂದು ಅನುಕೂಲ, 16 ಇಂಚಿನ ಬಾರೇ ಅಳತೆ ಕೋಲು. ಬಚ್ಚಲೊಲೆಗೆ ಒಂದೂಕಾಲು ಒಂದೂವರೆ ಅಡಿ ತುಂಡು ಸರಿ ಹೋಗತ್ತೆ, ಬಾರನ್ನ ಕುಂಟೆ ಮೇಲೆ ಉದ್ದಕ್ಕೆ ಇಟ್ಟು ಗುರುತು ಮಾಡ್ಕೊಂಡು ಹೋಗಿ. ಅಡಿಕೆ ಬೇಯ್ಸೋ ಒಲೆಗೆ ಎರಡು ಬಾರ್ ಉದ್ದ. ಹಸೀದಿರೋವಾಗಲೇ ಕೊಯ್ದು ಸೀಳಿಬಿಡಿ, ಅಕೇಶಿಯಾ ಒಣಗಿದ್ಮೇಲೆ ಚೈನಿಗೂ ಕಷ್ಟ ಕೊಡಲಿಗೂ ಕಷ್ಟ, ಮಾರ್ಚಲ್ಲಿ ಸೀಳಿದ್ದು ಮಳೆ ಹಿಡಿಯೋ ಹೊತ್ತಿಗೆ ಸೌದೆ ಕೊಟ್ಟಿಗೆ ಸೇರಿದ್ರೆ ಅಡಿಕೆ ಕೊಯ್ಲಿಗೆ ಚೆನ್ನಾಗಿ ಉರಿಯತ್ತೆ.

ಒಣ ಅಡಿಕೆ ಮರಕ್ಕೆ ಒಂದು ಎಚ್ಚರಿಕೆ. ನೋಡೋಕೆ ಸಣ್ಣ, ಕೊಯ್ಯೋಕೆ ಸುಲಭ ಅನ್ಸತ್ತೆ, ಆದ್ರೆ ಹೊರಗಿನ ಒಂದಂಗುಲ ಕಬ್ಬಿಣದಂಗೆ, ಒಳಗೆ ಬರೀ ನಾರು. ಆ ನಾರು ಚೈನಿನ ಜೊತೆ ಒಳಗೆ ಹೋಗಿ ಸ್ಪ್ರಾಕೆಟ್ ಮುಚ್ಚಳದ ಕೆಳಗೆ ಗಟ್ಟಿಯಾಗಿ ತುಂಬ್ಕೊಳ್ಳತ್ತೆ, ಆಯಿಲ್ ಬರೋ ತೂತೂ ಮುಚ್ಚತ್ತೆ. ಒಂದು ಟ್ಯಾಂಕ್ ಖಾಲಿಯಾದಾಗಲೆಲ್ಲ ಮುಚ್ಚಳ ಬಿಚ್ಚಿ ಹಳೇ ಬ್ರಶ್ಶಲ್ಲಿ ಕ್ಲೀನ್ ಮಾಡಿ. ಬೇಲಿ ಸಾಲಿನ ಮರಕ್ಕೆ ಇನ್ನೊಂದು, ತಂತಿ ಹೊಡೆದಿದ್ದು ಮೊಳೆ ಬಡಿದಿದ್ದು ಮರದೊಳಗೆ ಬೆಳೆದು ಮುಚ್ಚಿಕೊಂಡಿರತ್ತೆ. ಕೊಯ್ದ ಮುಖದಲ್ಲಿ ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು ಕಲೆ ಕಂಡ್ರೆ ಅಲ್ಲೇ ನಿಲ್ಲಿಸಿ, ಕಬ್ಬಿಣ ಹತ್ರದಲ್ಲೇ ಇದೆ, ಮರದ ಒಗರಿನ ಅಂಶಕ್ಕೆ ಕಬ್ಬಿಣ ಸೇರಿ ಆ ಬಣ್ಣ ಬಂದಿರೋದು. ಒಂದಡಿ ಬಿಟ್ಟು ಕೊಯ್ರಿ, ಆ ತುಂಡು ಹಾಗೇ ಒಲೆಗೆ ಹೋಗ್ಲಿ.

ಮಿಷನ್‌ಗೆ ಹಾಕೋ ದುಡ್ಡಲ್ಲಿ ಚೈನಿಗೂ ಪಾಲು ಇಡಿ. ಮಿಷನ್ ಜೊತೆ ಬಂದಿದ್ದು ಬಿಟ್ಟು ಇನ್ನೂ ಎರಡು ಚೈನು, ಸರಿಯಾದ ಸೈಜಿನ ಗುಂಡು ಅರ, ಒಂದು ಚಪ್ಪಟೆ ಅರ. .325 ಚೈನಿಗೆ 4.8 ಮಿಮೀ ಅರ, ಸಣ್ಣ ಮಿಷನ್‌ಗಳ ಲೋ ಪ್ರೊಫೈಲ್ 3/8 ಚೈನಿಗೆ 4 ಮಿಮೀ. ಹೊಸ ಚೈನ್ ತರೋಕೆ ಹೋದಾಗ "16 ಇಂಚಿಂದು ಕೊಡಿ" ಅಂದ್ರೆ ಸಾಲಲ್ಲ, ಮೂರು ನಂಬರ್ ಬೇಕು: ಪಿಚ್ಚು, ಗೇಜು (ಬಾರಿನ ಅಂಚಿನ ಸೀಳಿನ ಅಗಲ), ಡ್ರೈವ್ ಲಿಂಕ್ (ಆ ಸೀಳಲ್ಲಿ ಕೂತು ಓಡೋ ಕೊಂಡಿ) ಎಷ್ಟು. ಮೂರೂ ಸಾಮಾನ್ಯವಾಗಿ ಬಾರಿನ ಬುಡದಲ್ಲಿ ಕೊರೆದಿರತ್ತೆ, ಫೋಟೋ ಹೊಡ್ದು ಮೊಬೈಲಲ್ಲಿ ಇಟ್ಕೊಳ್ಳಿ. ಚೈನ್ ಹರಿತ ಇದ್ಯಾ ಅಂತ ಗೊತ್ತು ಮಾಡ್ಕೊಳ್ಳೋಕೆ ಬೆರಳು ಮುಟ್ಟಿಸೋದು ಬೇಡ, ಬೀಳೋ ಪುಡಿ ನೋಡಿ. ಚಪ್ಪಟೆ ಚಪ್ಪಟೆ ಚಕ್ಕೆ ಬಿದ್ರೆ ಹರಿತ, ಹಿಟ್ಟು ಬಿದ್ರೆ ಮೊಂಡು. ಮೊಂಡು ಚೈನನ್ನ ಮೈಭಾರ ಹಾಕಿ ಒತ್ತಿ ಒತ್ತಿ ಕೊಯ್ಯೋರೇ ಬಾರೂ ಇಂಜಿನ್ನೂ ಎರಡನ್ನೂ ಕೊಲ್ಲೋದು. ಕೊಯ್ತ ನೇರ ಹೋಗ್ದೇ ಒಂದು ಕಡೆಗೆ ಬಾಗ್ತಿದ್ರೆ ಎಡ ಬಲ ಹಲ್ಲು ಸಮ ಇಲ್ಲ ಅಂತ, ಯಾವ ಕೈಗೆ ಅರ ಅನುಕೂಲವೋ ಆ ಕಡೆದು ಜಾಸ್ತಿ ತಿಕ್ಕಿರ್ತೀವಿ. ಪ್ರತಿ ಹಲ್ಲಿಗೂ ಎಣಿಸಿ ಅಷ್ಟಷ್ಟೇ ಸಲ, 30 ಡಿಗ್ರಿ ಕೋನದಲ್ಲಿ, ಬರೀ ಮುಂದಕ್ಕೆ ತಳ್ಳೋವಾಗ ಮಾತ್ರ ಒತ್ತಿ. ಚಪ್ಪಟೆ ಅರ ಇರೋದು ಹಲ್ಲಿನ ಮುಂದಿರೋ ಗೂಟಕ್ಕೆ, ಅದು ಹಲ್ಲಿಗಿಂತ ಸುಮಾರು 0.65 ಮಿಮೀ ತಗ್ಗಿರ್ಬೇಕು, ನಾಲ್ಕೈದು ಸಲ ಹರಿತ ಮಾಡಿದ್ಮೇಲೆ ಒಮ್ಮೆ ನೋಡಿದ್ರೆ ಸಾಕು, ಜಾಸ್ತಿ ತಗ್ಗಿಸಿದ್ರೆ ಚೈನ್ ಕಚ್ಚಿ ಕಚ್ಚಿ ಎಳೆಯತ್ತೆ.

ಪೆಟ್ರೋಲಿಗೆ ಕಂಪ್ನಿ ಹೇಳಿದ 2ಟಿ ಆಯಿಲ್, 1:50 ಅಂದಿದ್ರೆ ಲೀಟರಿಗೆ 20 ಎಂಎಲ್, ಕೆಲವು ಕಡಿಮೆ ರೇಟಿನ ಮಿಷನ್‌ಗಳ ಮ್ಯಾನ್ಯುಯಲಲ್ಲಿ 1:25 ಅಂತಿರತ್ತೆ, ಅಂದ್ರೆ 40 ಎಂಎಲ್. ಕಣ್ಣಂದಾಜು ಬೇಡ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಎಥೆನಾಲ್ ಇರೋದ್ರಿಂದ ಅದು ಗಾಳಿಯ ತೇವ ಎಳ್ಕೊಳ್ಳತ್ತೆ, ನಿಮ್ಮ ಕಡೆ ಮಳೆಗಾಲದಲ್ಲಿ ಕೇಳ್ಬೇಕಾ. ಮಿಕ್ಸ್ ಮಾಡಿದ್ದನ್ನ ತಿಂಗಳುಗಟ್ಲೆ ಇಡ್ಬೇಡಿ, ಜೂನಲ್ಲಿ ಮಿಷನ್ ಮೇಲಿಡೋವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ಆಫ್ ಆಗೋವರೆಗೆ ಓಡಿಸಿ ಇಡಿ, ಇಲ್ಲಾಂದ್ರೆ ಅಡಿಕೆ ಸೀಸನ್‌ಗೆ ತೆಗೆದಾಗ ಕಾರ್ಬ್ಯುರೇಟರಿನ ಡಯಾಫ್ರಂ ಮರದ ಎಲೆ ಒಣಗಿದ ಹಾಗೆ ಸೆಟೆದಿರತ್ತೆ. ಚೈನಿಗೆ ಬೈಕಿಂದ ತೆಗೆದ ಕರೀ ಆಯಿಲ್ ಹಾಕ್ಬೇಡಿ, ಅದರಲ್ಲಿ ಲೋಹದ ಪುಡಿ ಇರತ್ತೆ, ಪಂಪು ತಿನ್ನತ್ತೆ. ಆಯಿಲ್ ಬರ್ತಿದ್ಯಾ ನೋಡೋಕೆ ಬಾರಿನ ತುದಿಯನ್ನ ಒಂದು ಬಿಳೀ ಕೊಯ್ದ ಮುಖದ ಹತ್ರ ತಾಗ್ದಂಗೆ ಹಿಡಿದು ಆಕ್ಸಿಲರೇಟರ್ ಕೊಡಿ, ಸಣ್ಣ ಎಣ್ಣೆ ಗೆರೆ ಬೀಳ್ಬೇಕು.

ಮೈಮೇಲೆ ಏನು ಹಾಕ್ಕೋಬೇಕು ಅಂತ ಉದ್ದ ಬರೆಯಲ್ಲ. ಲುಂಗಿ ಬೇಡ, ಹವಾಯಿ ಚಪ್ಪಲಿ ಬೇಡ, ಕಣ್ಣಿಗೆ ಕಿವಿಗೆ ರಕ್ಷಣೆ ಬೇಕೇ ಬೇಕು. ಚೈನ್ ಸಾಗೆ ಅಂತಲೇ ಬರೋ ಕಾಲುಗವಸು ಸಿಗತ್ತೆ, ಚೈನ್ ತಾಗಿದ್ರೆ ಒಳಗಿನ ಉದ್ದ ನೂಲು ಹೊರಗೆ ಬಂದು ಸ್ಪ್ರಾಕೆಟ್ಟಿಗೆ ಸುತ್ಕೊಂಡು ಚೈನ್ ನಿಲ್ಲಿಸತ್ತೆ. ಅಪ್ಪಂಗೆ ಅದನ್ನ ಮೊದ್ಲು ತಗೊಳ್ಳಿ. ಬೇಡ ಸೆಖೆ ಅಂತಾರೆ, ಗೊತ್ತು. ಹಾಗೇ ಅವ್ರು ಭುಜಕ್ಕಿಂತ ಮೇಲೆ ಮಿಷನ್ ಎತ್ತೋದು, ಏಣಿ ಮೇಲೆ ಹತ್ತಿ ಕೊಯ್ಯೋದು ಮಾತ್ರ ಖಂಡಿತ ಬೇಡ. ಅಂಗಳದಲ್ಲಿ ಕತ್ತರಿಗಾಲಿನ ಸ್ಟ್ಯಾಂಡ್ ಒಂದು ಮಾಡ್ಸಿ ಅದರ ಮೇಲೆ ಕುಂಟೆ ಇಟ್ಟು ಕೊಯ್ದ್ರೆ ಸೊಂಟ ಬಗ್ಗಿಸೋ ಕೆಲ್ಸವೇ ಇಲ್ಲ. ಅಂಗಳದ ಕೆಲ್ಸ ಅವ್ರದ್ದೇ ಅಂದ್ರೆ ಕರೆಂಟಿನ ಚೈನ್ ಸಾ ಕೂಡ ಯೋಚ್ನೆ ಮಾಡ್ಬೋದು, 1800, 2000 ವ್ಯಾಟಿಂದು 16 ಇಂಚಲ್ಲಿ ಬರತ್ತೆ, ಹೊಗೆ ಇಲ್ಲ, ಹಗ್ಗ ಎಳೆಯೋದಿಲ್ಲ. ವೋಲ್ಟೇಜ್ ಡಿಮ್ ಹೊಡೆಯೋ ಹೊತ್ತಲ್ಲಿ ಮಾತ್ರ ಓಡಿಸ್ಬೇಡಿ, ವಯರ್ 2.5 ಸ್ಕ್ವೇರ್ ಎಂಎಂಗಿಂತ ಸಣ್ಣದು ಬೇಡ.

ಬೇಲಿ ಸಾಲಿನ ನಿಂತ ಮರ ಕೆಡವೋದಿದ್ರೆ ಅದು ಬೇರೆ ವಿಷ್ಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಜಾಗದಲ್ಲಿರೋ ಮರಕ್ಕೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ರಬ್ಬರ್ ಇಂಥ ಕೆಲವಕ್ಕೆ ವಿನಾಯ್ತಿ ಇದೆ, ಮಿಕ್ಕಿದ್ದಕ್ಕೆ ಅರಣ್ಯ ಇಲಾಖೆಯ ರೇಂಜ್ ಆಫೀಸಲ್ಲಿ ಕೇಳಿ ಕೈ ಹಾಕಿ.

ಕೊನೇದು ಭಾವನ 72 ಸಿಸಿ. ಸಂಬಂಧಿಕರ ಹತ್ರ ಬೇಡ ಅನ್ನೋಕೆ ಮುಜುಗರ ಅಂತ ತಗೊಳ್ಳೋಕೆ ಹೋಗ್ಬೇಡಿ. ಆ ಅಳತೆ ಮಿಷನ್ ನಾಟಾ ಕೊಯ್ಯೋರಿಗೆ, ದಿಮ್ಮಿ ಮಾಡೋರಿಗೆ. ಸ್ಟಿಲ್ ಎಂಎಸ್ 382 ತರದ್ದಾದ್ರೆ ಬಾರ್ ಚೈನ್ ಇಲ್ದೇನೇ ಆರು ಕಿಲೋ ದಾಟತ್ತೆ. ಆದ್ರೂ ನೋಡ್ಲೇಬೇಕು ಅಂದ್ರೆ ಮಿಷನ್ ತಣ್ಣಗಿರೋವಾಗ, ಸ್ವಿಚ್ ಆಫ್ ಇಟ್ಟು, ಡಿಕಂಪ್ರೆಶನ್ ಬಟನ್ (ಹಗ್ಗ ಎಳೆಯೋದನ್ನ ಹಗುರ ಮಾಡೋ ಬಟನ್) ಇದ್ರೆ ಅದನ್ನ ಒತ್ತದೇ, ಸ್ಟಾರ್ಟರ್ ಹಗ್ಗದ ಹಿಡಿಯಲ್ಲೇ ಮೇಲಕ್ಕೆ ಎತ್ತಿ ತೂಗುಬಿಡಿ. ಕಂಪ್ರೆಶನ್ ಚೆನ್ನಾಗಿದ್ರೆ ತಡೆದು ತಡೆದು ನಿಧಾನಕ್ಕೆ ಇಳಿಯತ್ತೆ, ಇಲ್ಲಾಂದ್ರೆ ಜರ್ರಂತ ಜಾರತ್ತೆ. ಆಮೇಲೆ ಸೈಲೆನ್ಸರ್ ಬಿಚ್ಚಿ ಆ ತೂತಲ್ಲಿ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ, ಮೇಲಿಂದ ಕೆಳಗೆ ಉದ್ದುದ್ದ ಗೀರು ಇದ್ರೆ ಒಂದ್ಸಲ ಆಯಿಲ್ ಇಲ್ದೇ ಓಡಿರ್ಬೋದು ಅಂತ. ಎರಡೂ ಪಾಸಾದ್ರೂ ನಿಮಗೆ ಬೇಕಾಗಿರೋ ಮಿಷನ್ ಅದಲ್ಲ. ಮಾವಿನ ಬುಡಕ್ಕೆ ಒಂದು ದಿನ ಮಿಷನ್ ಸಮೇತ ಭಾವನನ್ನೇ ಕರೀರಿ, ಕೂಲಿಯವ್ರನ್ನ ಹುಡುಕೋದೂ ತಪ್ಪತ್ತೆ.